ಕೌನ್ಸೆಲರ್ ಆಗಲು ಯಾವ ಓದು ಬೇಕು?
(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳು)



ಕಳೆದ ಸಭೆಯಲ್ಲಿ ಒಬ್ಬ ಸದಸ್ಯೆ ಎದ್ದು ನಿಂತು, "ಸಿಸ್ಟರ್, ನನ್ನ ಮಗಳಿಗೆ ಕ್ರಿಶ್ಚಿಯನ್ ಕೌನ್ಸೆಲರ್ ಆಗಬೇಕಂತೆ. ಆರು ತಿಂಗಳ ಕೋರ್ಸ್ ಸಾಕಾ?" ಎಂದು ಕೇಳಿದರು. ಅಂದು ಸಾಲದ ಲೆಕ್ಕ ನೋಡುವುದರಲ್ಲೇ ಹೊತ್ತಾಯಿತು. ಇವತ್ತು ಉತ್ತರ ಹೇಳುತ್ತೇವೆ. ಅದಕ್ಕೂ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಬೇರೊಂದು ಸಂಘದ ತಾಯಿಯೊಬ್ಬರು ಇದೇ ಪ್ರಶ್ನೆ ತಂದಿದ್ದರು. ಮಗಳು ಬಿ.ಎ. ಮುಗಿಸಿದ್ದಳು. ಯಾರ ಕಷ್ಟವನ್ನಾದರೂ ಕೂತು ಕೇಳುವ ಹುಡುಗಿ. 'ಆರು ತಿಂಗಳಲ್ಲಿ ವೃತ್ತಿಪರ ಕ್ರೈಸ್ತ ಆಪ್ತಸಮಾಲೋಚಕಿ' ಎಂದು ಅಚ್ಚು ಹಾಕಿದ ಬಣ್ಣದ ಹಾಳೆ ಅವಳ ಕೈಯಲ್ಲಿತ್ತು. ಶುಲ್ಕ 40,000 ರೂಪಾಯಿ. ಹಾಳೆಯ ಮೇಲೆ ಶಿಲುಬೆಯ ಚಿತ್ರ ನೋಡಿ ನಾವೂ ಹೆಚ್ಚು ವಿಚಾರಿಸದೆ, "ಒಳ್ಳೆಯದೇ, ಸಂಘದಿಂದ ಸಾಲ ಕೊಡಿ" ಎಂದುಬಿಟ್ಟೆವು. ಸರ್ಟಿಫಿಕೇಟ್ ಏನೋ ಬಂತು. ಅದನ್ನು ಹಿಡಿದುಕೊಂಡು ಶಾಲೆಗೆ ಹೋದರೆ, "ಎಂ.ಎಸ್ಸಿ. ಸೈಕಾಲಜಿ ಆಗಿದೆಯಾ?" ಎಂದು ಕೇಳಿದರು. ಆಸ್ಪತ್ರೆಯಲ್ಲೂ ಅದೇ ಮಾತು. ತಾಯಿ ಬೀಡಿ ಕಟ್ಟಿ ಆ ಸಾಲ ತೀರಿಸಿದರು. ಎಂ.ಎಸ್.ಡಬ್ಲ್ಯೂ. ಓದಿದ ನಾವು ಮೊದಲೇ ವಿಚಾರಿಸಬೇಕಿತ್ತು.

ನಮ್ಮ ದೇಶದಲ್ಲಿ 'ಕ್ರಿಶ್ಚಿಯನ್ ಕೌನ್ಸೆಲರ್' ಎಂಬ ಹೆಸರಿಗೆ ಸರ್ಕಾರದ ಪ್ರತ್ಯೇಕ ಪರವಾನಗಿ ಇಲ್ಲ. ಕೆಲಸ ಕೊಡುವವರು ನೋಡುವುದು ಹೆಚ್ಚಾಗಿ ಸೈಕಾಲಜಿ ಅಥವಾ ಕೌನ್ಸೆಲಿಂಗ್ ಸ್ನಾತಕೋತ್ತರ ಪದವಿಯನ್ನು. ಅಂದರೆ ಡಿಗ್ರಿ ಮುಗಿದ ಮೇಲೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಡಿಗ್ರಿಯಲ್ಲಿ ಸೈಕಾಲಜಿ ಒಂದು ವಿಷಯವಾಗಿರಲೇಬೇಕು ಎನ್ನುವ ಕಾಲೇಜುಗಳುಂಟು, ಬೇರೆ ಪದವಿಯವರನ್ನು ಸೇರಿಸಿಕೊಳ್ಳುವವೂ ಉಂಟು. ಒಂದು ವರ್ಷದ ಪಿ.ಜಿ. ಡಿಪ್ಲೊಮಾ ಶಿಕ್ಷಕಿಯರಿಗೆ, ನಮ್ಮಂಥ ಸಮಾಜ ಕಾರ್ಯಕರ್ತೆಯರಿಗೆ ಉಪಯೋಗವೇ. ಆದರೆ ಎರಡು ವರ್ಷದ ಓದಿನ ಜಾಗದಲ್ಲಿ ಅದು ನಿಲ್ಲದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬುದು ಮತ್ತೂ ಬೇರೆ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಬೇಕು.

ಎರಡು ವರ್ಷ ಯಾಕೆ ಬೇಕು, ಒಳ್ಳೆಯ ಮನಸ್ಸು ಸಾಲದೇ ಎಂದು ನೀವು ಕೇಳಬಹುದು. ಗಂಡ ಕುಡಿದು ಹೊಡೆಯುತ್ತಾನೆ ಎಂದು ಒಬ್ಬಳು ಅಳುತ್ತಾ ಬಂದಳು ಎನ್ನಿ. ತರಬೇತಿ ಇಲ್ಲದವರು, "ಸ್ವಲ್ಪ ತಾಳ್ಮೆ ಇರಲಿ, ಪ್ರಾರ್ಥನೆ ಮಾಡಮ್ಮ" ಎಂದು ಸಮಾಧಾನ ಮಾಡಿ ಕಳಿಸುತ್ತಾರೆ. ಆಕೆ ಅದೇ ಮನೆಗೆ, ಅದೇ ಏಟಿಗೆ ವಾಪಸು ಹೋಗುತ್ತಾಳೆ. ಕಲಿತವಳು ಮೊದಲು ಕೇಳುವುದು, "ಇವತ್ತು ರಾತ್ರಿ ಮನೆಗೆ ಹೋದರೆ ನಿಮಗೆ ಅಪಾಯ ಉಂಟಾ?" ಎಂದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಳಿಗೆ ಗೊತ್ತಿರುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಗುಟ್ಟು ಎಂದು ಇಟ್ಟುಕೊಳ್ಳುವ ಹಾಗಿಲ್ಲ ಎಂಬುದೂ ಗೊತ್ತಿರುತ್ತದೆ.

ಇದು ಪುಸ್ತಕ ಓದಿ ಮಾತ್ರ ಬರುವುದಿಲ್ಲ. ವಿದ್ಯಾರ್ಥಿನಿ ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಕುಡಿತ ಬಿಡಿಸುವ ಕೇಂದ್ರದಲ್ಲಿ ಜನರ ಎದುರು ಕೂತು ಅನುಭವ ಪಡೆಯಬೇಕು. ಆಮೇಲೆ ನಡೆದ ಮಾತುಕತೆ ಬರೆದು ಮೇಲ್ವಿಚಾರಕರಿಗೆ ತೋರಿಸಬೇಕು. "ಇಲ್ಲಿ ಆಕೆ ಸುಮ್ಮನಾದಾಗ ನೀನು ಯಾಕೆ ಮಾತಾಡಿದೆ?" ಎಂದು ಅವರು ಕೇಳುತ್ತಾರೆ. ನಮಗೂ ಎಂ.ಎಸ್.ಡಬ್ಲ್ಯೂ. ಫೀಲ್ಡ್‌ವರ್ಕ್‌ನಲ್ಲಿ ಹೀಗೇ ಬೈಗುಳ ಸಿಕ್ಕಿದೆ, ಕಲಿತದ್ದೂ ಅದರಿಂದಲೇ. ಅಮೆರಿಕದಲ್ಲಿ ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯೊಂದು 60 ಕ್ರೆಡಿಟ್‌ಗಳ ಓದಿನ ಜೊತೆ 100 ಗಂಟೆ ಪ್ರಾಯೋಗಿಕ ತರಬೇತಿ, 600 ಗಂಟೆ ಇಂಟರ್ನ್‌ಶಿಪ್ ಕೇಳುತ್ತದೆ. ಅಲ್ಲಿನ ಕ್ರೈಸ್ತ ಕಾಲೇಜಿನಲ್ಲಿ ಓದಿದವರಿಗೂ ವೃತ್ತಿ ಮಾಡಲು ರಾಜ್ಯದ ಲೈಸೆನ್ಸ್ ಬೇಕು.

ಹಾಗಾದರೆ 'ಕ್ರಿಶ್ಚಿಯನ್' ಎಂಬುದು ಎಲ್ಲಿ ಬಂತು? ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ಕಡೆ ಮೊದಲು ಬಿ.ಡಿ., ಆಮೇಲೆ ಎಂ.ಟಿಎಚ್. ಓದುತ್ತಾ ಪಾಲನಾ ಸೇವೆಯ ಕೌನ್ಸೆಲಿಂಗ್ ಕಲಿಯುವವರಿದ್ದಾರೆ. ಅದು ಸಭೆಯ ಸೇವೆಗೆ ಹೊರಡುವವರ ದಾರಿ. ಶಾಲೆ, ಆಸ್ಪತ್ರೆಯ ಕೆಲಸ ಬೇಕಾದರೆ ಮೊದಲು ಸೈಕಾಲಜಿ ಓದಿ, ಧಾರ್ಮಿಕ ತರಬೇತಿಯನ್ನು ಆಮೇಲೆ ಸೇರಿಸಿಕೊಳ್ಳುವುದು ಮೇಲು ಎಂದು ನಮಗೆ ಕಾಣುತ್ತದೆ. ಈ ಸಭೆಯಲ್ಲೇ ಎಲ್ಲ ಧರ್ಮದವರೂ ಇದ್ದೀರಿ. ನಾಳೆ ಫಾತಿಮಾ ಬರಬಹುದು, ಲಕ್ಷ್ಮಿ ಬರಬಹುದು. ಬಂದವರು ತಾವಾಗಿ ಕೇಳದೆ ಬೈಬಲ್ ತೆರೆಯುವುದು ಕೌನ್ಸೆಲಿಂಗ್ ಅಲ್ಲ.

ಮನೆಯಲ್ಲೇ ಕೂತು ಸೈಕಾಲಜಿ ಡಿಗ್ರಿ ಮಾಡಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಸೈಕಾಲಜಿ ಪದವಿಗೆ ಹೊಸದಾಗಿ ಸೇರಿಸಿಕೊಳ್ಳುವುದನ್ನು ಯು.ಜಿ.ಸಿ. 2025ರ ಜುಲೈ-ಆಗಸ್ಟ್‌ನಿಂದ ನಿಲ್ಲಿಸಿದೆ. ಸಂಘದಲ್ಲಿ ಸಾಲದ ನಿರ್ಣಯ ಬರೆಯುವ ಮೊದಲು ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಅದಕ್ಕೆ ಯು.ಜಿ.ಸಿ. ಮಾನ್ಯತೆ ಇದೆಯಾ, ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆ ತರಬೇತಿ ಎಂದು ಕೇಳಿ. ಹಾಸ್ಟೆಲ್ ಸೇರಿ ನಾಲ್ಕೂ ಸೆಮಿಸ್ಟರಿನ ಖರ್ಚು ಲೆಕ್ಕ ಹಾಕಿ, ಮೊದಲ ಕಂತು ಮಾತ್ರ ನೋಡಬೇಡಿ. ಸಂಘದ ಹಣಕ್ಕೆ ಕೈ ಹಾಕುವ ಮುಂಚೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ವಿಚಾರಿಸಿ. 4 ಲಕ್ಷ ರೂಪಾಯಿವರೆಗೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುವುದಿಲ್ಲ.

ಅಲ್ಲಿಯವರೆಗೆ ನಿಮ್ಮ ನೆರೆಯಲ್ಲಿ ಯಾರಿಗಾದರೂ ಮನಸ್ಸಿನ ಕಷ್ಟ ಹೆಚ್ಚಾದರೆ 14416ಕ್ಕೆ ಫೋನ್ ಮಾಡಿಸಿ. ಇದು ಸರ್ಕಾರದ ಟೆಲಿ ಮಾನಸ್, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಪ್ರಶ್ನೆ ಕೇಳಿದ ತಾಯಿಯ ಮಗಳು ಈಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳಂತೆ. ಅವಳನ್ನು ಸೇರಿಸಿಕೊಳ್ಳುವ ಕಾಲೇಜು ಯಾವುದು ಎಂದು ಮೊದಲು ನೋಡಬೇಕು. ಮುಂದಿನ ಶನಿವಾರ ಮಗಳನ್ನೂ, ಆ ಕೋರ್ಸಿನ ಹಾಳೆಯನ್ನೂ ಕರೆದುಕೊಂಡು ಆಫೀಸಿಗೆ ಬನ್ನಿ ಎಂದು ಹೇಳಿದ್ದೇವೆ. ಈ ಸಲ ಕೂತು ಸಾಲು ಸಾಲಾಗಿ ಓದುತ್ತೇವೆ.