ಉಣ್ಣೆ ಹೊತ್ತು ತಂದ ಜ್ವರ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ನಂದಿಯ ಮುಂದೆ ನಿಂತು ಕೈಮುಗಿಯದೆ ಮುಂದೆ ಹೋಗುವುದಿಲ್ಲ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಒಂದೇ ಬಂಡೆಯಲ್ಲಿ ಕಡೆಸಿದ ಬಸವಣ್ಣ ಅದು. ಅವರ ನಂತರದ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ಇಲಾಖೆ ಕಟ್ಟಿ ಜೀವಂತ ದನಗಳನ್ನೇ ಸಾಕಿದರು. ಟಿಪ್ಪುವಿನ ಕಾಲಕ್ಕೆ ಅದೇ ಅಮೃತಮಹಲ್ ಆಯಿತು. ಆ ದನಗಳು ಕಾವಲುಗಳಲ್ಲಿ ಮೇಯುತ್ತ ಕರುವಾಗಿದ್ದಾಗಲೇ ಉಣ್ಣೆಯಿಂದ ಕಚ್ಚಿಸಿಕೊಳ್ಳುತ್ತಿದ್ದವು. ಬದುಕಿ ಉಳಿದದ್ದಕ್ಕೆ ಉಣ್ಣೆ ತರುವ ಜ್ವರ ತಡೆಯುವ ಶಕ್ತಿ ಬರುತ್ತಿತ್ತು.

ಈ ಜ್ವರ ತರುವುದು ಉಣ್ಣೆಯೇ ಎಂಬ ಗುಟ್ಟು ಬಿಡಿಸಿದವರು ಅಮೆರಿಕದ ವಿಜ್ಞಾನಿಗಳಾದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್. ಅಲ್ಲಿ ದಕ್ಷಿಣದ ದನ ಹಾದುಹೋದ ಕಡೆಯಲ್ಲೆಲ್ಲ ಉತ್ತರದ ದನ ಸಾಯುತ್ತಿತ್ತು, ದಕ್ಷಿಣದ್ದು ಮಾತ್ರ ಗಟ್ಟಿಯಾಗಿರುತ್ತಿತ್ತು. ಇದು ಉಣ್ಣೆಯ ಕೆಲಸ ಎಂದು ದನಗಾರರು ಹೇಳಿದರೆ ವಿದ್ವಾಂಸರು ನಕ್ಕರು. ಸ್ಮಿತ್ ನಗಲಿಲ್ಲ. 1889ರಲ್ಲಿ ಬೇಲಿ ಹಾಕಿಸಿ ಪರೀಕ್ಷೆಗೆ ಇಳಿದರು. ಒಂದು ಹೊಲದಲ್ಲಿ ಉಣ್ಣೆ ಹೊತ್ತ ದನ ಬಿಟ್ಟರು: ಜೊತೆಗಿದ್ದ ಉತ್ತರದ ದನಕ್ಕೆ ಜ್ವರ ಬಂತು. ಇನ್ನೊಂದರಲ್ಲಿ ಒಂದೊಂದೇ ಉಣ್ಣೆಯನ್ನು ಕೈಯಲ್ಲಿ ಕಿತ್ತು ಬಿಟ್ಟರು: ಏನೂ ಆಗಲಿಲ್ಲ. ಮತ್ತೊಂದರಲ್ಲಿ ದಕ್ಷಿಣದ ದನವೇ ಇಲ್ಲ, ಹುಲ್ಲಿನ ಮೇಲೆ ಬರೀ ಉಣ್ಣೆ ಚೆಲ್ಲಿದರು: ಜ್ವರ ಮತ್ತೆ ಬಂತು! ಎಂಥ ಸರಳ, ಎಂಥ ಸುಂದರ ಪರೀಕ್ಷೆ! 1893ರಲ್ಲಿ ಅದನ್ನು ಪ್ರಕಟಿಸಿದರು. ಸೊಳ್ಳೆಯೊಳಗೆ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ, ಅಂದರೆ ಅದಕ್ಕೂ ನಾಲ್ಕು ವರ್ಷ ತಡವಾಗಿ.

ಆ ಜ್ವರದ ಜೀವಿ ಬೆಬೇಸಿಯ. ಅದು ಕೆಂಪು ರಕ್ತಕಣದೊಳಗೆ ಹೊಕ್ಕು ಅದನ್ನು ಒಡೆಯುತ್ತದೆ, ಗಂಜಲ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅದರ ದಾಯಾದಿ ಥೈಲೇರಿಯ ಇನ್ನೂ ಕ್ರೂರಿ: ಭುಜದ ಮುಂದಿನ ಗಂಟು ಊದುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ.

ಇತ್ತ ನಮ್ಮಲ್ಲಿ ಡೇರಿಗಳ ಕಾಲ ಬಂತು, ಸೀಮೆಹಸು ಬಂತು, ಹಾಲೂ ಹೆಚ್ಚಿತು. ಆದರೆ ನಾಟಿ ದನದ ತಾಳಿಕೆ ಅದಕ್ಕಿಲ್ಲ. ಥೈಲೇರಿಯಕ್ಕೆ ಬೂಪಾರ್ವಕೋನ್ ಎಂಬ ಒಳ್ಳೆಯ ಔಷಧಿ ಇದೆ, ಲಸಿಕೆಯೂ ಇದೆ. ಆದರೂ ತಡವಾಗಿ ಡಾಕ್ಟರನ್ನು ಕರೆದು ಹಸು ಕಳೆದುಕೊಳ್ಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ದನ ಕಟ್ಟಿರುವ ಅಣ್ಣಂದಿರೇ, ಅಕ್ಕಂದಿರೇ, ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ ದಿನವೂ ಕೈಯಾಡಿಸಿ ನೋಡಿ. ಗೋಡೆಯ ಬಿರುಕು ಮುಚ್ಚಿಸಿ, ಉಣ್ಣೆ ಅಲ್ಲೇ ಮೊಟ್ಟೆ ಇಡುತ್ತದೆ. ಹಸು ಜ್ವರ ಬಂದು ಮೇವು ಬಿಟ್ಟರೆ ಅವತ್ತೇ ಪಶುವೈದ್ಯರನ್ನು ಕರೆಸಿ, ರಕ್ತ ಪರೀಕ್ಷೆ ಮಾಡಿಸಿ. ನಾಳೆಗೆ ಬಿಡಬೇಡಿ.