ಉಬ್ಬಸದ ಚಿಕಿತ್ಸೆಯಲ್ಲಿ ವ್ಯಕ್ತಿಭೇದ



ಶ್ರೀಮಠದ ಈ ಮಹೋತ್ಸವದಲ್ಲಿ ಉಬ್ಬಸರೋಗವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳಲು ಅಪ್ಪಣೆಯಾಗಿರುವುದು ನನ್ನ ಭಾಗ್ಯವು. ಒಬ್ಬನಿಗೆ ಗುಣಕೊಟ್ಟ ಔಷಧವು ಮತ್ತೊಬ್ಬನಿಗೂ ಗುಣಕೊಡಲೇಬೇಕೆಂದು ಜನರು ನಂಬುವುದುಂಟು. ತೀವ್ರವಾದ ಉಬ್ಬಸದಲ್ಲಿ ಈ ನಂಬಿಕೆಯು ಪ್ರಾಣಕ್ಕೇ ಕುತ್ತಾಗಬಹುದು.

ಹಲಸೂರು ಕೆರೆಯ ಬಳಿಯ ಲೇಕ್‌ಸೈಡ್ ಆಸ್ಪತ್ರೆಯಲ್ಲಿ ಮಕ್ಕಳ ಶ್ವಾಸರೋಗತಜ್ಞರಾಗಿ ಸೇವೆಗೈದ ಡಾಕ್ಟರ್ ಎಚ್. ಪರಮೇಶ್ ಅವರು, ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಪರಿಶೀಲಿಸಿ, ಉಬ್ಬಸವುಳ್ಳವರು 1979ರಲ್ಲಿ ನೂರಕ್ಕೆ 9 ಇದ್ದುದು 1999ರಲ್ಲಿ 29.5 ಆಯಿತೆಂದು ಪ್ರಕಟಿಸಿದರು. 1994ರಿಂದ 1999ರೊಳಗೆ, ಬಿಡದೆ ಕಾಡುವ ತೀವ್ರ ಉಬ್ಬಸವು ನೂರಕ್ಕೆ 4ರಿಂದ 6.5ಕ್ಕೆ ಏರಿತ್ತು. ವಾಹನದಟ್ಟಣೆಯುಳ್ಳ ಕಡೆಯ ಶಾಲೆಗಳಲ್ಲಿ ಪೀಡಿತರು ಹೆಚ್ಚಾಗಿ ಕಂಡುಬಂದರು. ಶಿವಾಜಿನಗರದ ಬಸ್ಸುನಿಲ್ದಾಣದ ಬಳಿ, ಕೃಷ್ಣರಾಜಪುರದ ಹೆದ್ದಾರಿಯ ಮಗ್ಗುಲಲ್ಲಿ ವಾಸಿಸುವವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಆದರೆ ಎಲ್ಲರ ಉಬ್ಬಸವನ್ನು ಕೆರಳಿಸುವುದು ಹೊಗೆಯೊಂದೇ ಅಲ್ಲ. ಒಬ್ಬನಿಗೆ ಹಾಸಿಗೆಯ ಧೂಳು, ಮತ್ತೊಬ್ಬನಿಗೆ ಪಾರ್ಥೇನಿಯಮ್ ಗಿಡದ ಪರಾಗ, ಮಗದೊಬ್ಬನಿಗೆ ನೆಗಡಿ; ಕೆಲವರಿಗೆ ತಮ್ಮ ಕಸುಬಿನ ಹಿಟ್ಟು ಬಣ್ಣಗಳೇ ಕಾರಣವು.

ಆದುದರಿಂದ ವೈದ್ಯನು ಮೊದಲು ಮಾಡತಕ್ಕದ್ದು ವಿಚಾರಣೆ. ರೋಗಿಯು ಇನ್‌ಹೇಲರನ್ನು ಸರಿಯಾದ ಕ್ರಮದಲ್ಲಿ ಸೇದುತ್ತಿರುವನೇ? ನಿತ್ಯವೂ ಸೇದುತ್ತಿರುವನೇ? ಅನೇಕರು ಉಸಿರು ಸಲೀಸಾದೊಡನೆ, ಶ್ವಾಸನಾಳದ ಊತವನ್ನು ತಗ್ಗಿಸುವ ಔಷಧವನ್ನು ಬಿಟ್ಟು, ತತ್‌ಕ್ಷಣದ ಉಪಶಮನ ಕೊಡುವುದನ್ನೇ ನೆಚ್ಚುವರು. ಒಳಗಿನ ಊತವು ಹಾಗೆಯೇ ಉಳಿದು, ಒಂದು ರಾತ್ರಿ ಪ್ರಾಣಾಪಾಯವನ್ನು ತಂದೊಡ್ಡುವುದು. ಇನ್‌ಹೇಲರು ಚಟವಾಗುವುದೆಂಬ ಭಯವು ನಿರಾಧಾರವು.

ಇಷ್ಟೆಲ್ಲ ಸರಿಪಡಿಸಿದ ಮೇಲೆಯೂ ರೋಗವು ಹತೋಟಿಗೆ ಬಾರದಿದ್ದರೆ, ಅದೇ ನಿಜವಾದ ತೀವ್ರ ಉಬ್ಬಸವು. ಆಗ ರಕ್ತಪರೀಕ್ಷೆಯು ದಾರಿ ತೋರುವುದು. ಅಲರ್ಜಿಗೆ ಸಂಬಂಧಿಸಿದ ಐಜಿಇ ಎಂಬ ಅಂಶವು ಪ್ರಬಲವಾದವರಿಗೆ ಒಮಾಲಿಜುಮ್ಯಾಬ್, ಇಯೊಸಿನೊಫಿಲ್ ಎಂಬ ಬಿಳಿಯ ರಕ್ತಕಣಗಳು ಹೆಚ್ಚಿದವರಿಗೆ ಮೆಪೊಲಿಜುಮ್ಯಾಬ್ ಮೊದಲಾದ ಚುಚ್ಚುಮದ್ದುಗಳು ಈಗ ದೊರೆಯುವುವು. ಇವು ಬಹಳ ಬೆಲೆಯುಳ್ಳವು. ರೋಗದ ಬಗೆಗೆ ಹೊಂದದವನಿಗೆ ಕೊಟ್ಟರೆ ಹಣವೂ ಕಾಲವೂ ವ್ಯರ್ಥ. ನೆರೆಯವನ ಚೀಟಿಯನ್ನು ಹಿಡಿದು ಔಷಧ ಕೊಳ್ಳುವುದು ಎಂದಿಗೂ ಸಲ್ಲದು.

ಕೊನೆಯದಾಗಿ ಒಂದು ವಿಜ್ಞಾಪನೆ. ಧೂಪದ ಹೊಗೆಯೂ ದಾಸೋಹದ ಒಲೆಯ ಹೊಗೆಯೂ ಕೆಲವರ ಉಸಿರನ್ನು ಕಟ್ಟಿಸುವುವು. ಪಂಕ್ತಿಯಲ್ಲಿ ಕುಳಿತ ಮಗುವೊಂದು ಕೆಮ್ಮಿದರೆ ಎದ್ದು ಕಿಟಕಿಯನ್ನು ತೆರೆಯುವುದೂ ಸೇವೆಯೇ.