ಸೀನು ಬಂದರೆ ಅಮ್ಮ ಕಾಲು ಬಿಗಿಹಿಡಿದು ಕೂರ್ತಾರೆ

ಇವತ್ತು ಹೆಡ್‌ಫೋನ್ ಬೇಡ, ಸ್ಪೀಕರ್‌ಗೆ ಹಾಕಿ. ಮನೇಲಿ ಅಮ್ಮ, ಅಕ್ಕ, ಅತ್ತಿಗೆ ಯಾರಿದ್ರೂ ಕೇಳಿಸ್ಕೊಳ್ಲಿ.

ಕಳೆದ ವರ್ಷ ಚಿಕ್ಕಮ್ಮನ ಮಗಳ ಮದುವೆಗೆ ಬೆಂಗಳೂರಿಂದ ಹಾಸನಕ್ಕೆ ಹೊರಟಿದ್ವಿ. ಅಮ್ಮ ಬೆಳಗ್ಗೆಯಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. "ಬಸ್ಸಲ್ಲಿ ತೊಂದ್ರೆ ಆಗತ್ತೆ ಕಣೆ" ಅಂದ್ರು. ಕೆದಕಿ ಕೇಳಿದ ಮೇಲೆ ವಿಷಯ ಬಂತು: ಸೀನಿದ್ರೆ, ಕೆಮ್ಮಿದ್ರೆ, ಜೋರಾಗಿ ನಕ್ಕರೆ ಹನಿ ಹನಿ ಮೂತ್ರ ಹೋಗತ್ತೆ. ಎಷ್ಟು ದಿನದಿಂದ? "ನೀನು ಹುಟ್ಟಿದಾಗಿಂದ." ನನಗೀಗ 28. ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ? "ಹೆತ್ತವರಿಗೆಲ್ಲ ಆಗೋದೇ ಅಲ್ವಾ." (ಇದನ್ನೆಲ್ಲ ಅಮ್ಮನ್ನ ಕೇಳಿಯೇ ಹೇಳ್ತಿದೀನಿ.)

ಬಹಳ ಜನಕ್ಕೆ ಆಗತ್ತೆ, ನಿಜ. ಹಾಗಂತ ಸಹಿಸ್ಕೊಂಡೇ ಇರಬೇಕಾಗಿಲ್ಲ. ಮುಂದಿನ ಮೂಳೆಯಿಂದ ಹಿಂದೆ ಬಾಲದ ಮೂಳೆವರೆಗೆ ಜೋಳಿಗೆ ಹಾಗೆ ಹರಡಿರುವ ಸ್ನಾಯುಗಳಿವೆ. ಮೂತ್ರಕೋಶ, ಗರ್ಭಕೋಶ, ಗುದನಾಳಕ್ಕೆ ಆಸರೆ ಅವೇ. ಬಸಿರು, ಹೆರಿಗೆ, ವಯಸ್ಸು, ಬಿಡದ ಕೆಮ್ಮು, ಮಲಬದ್ಧತೆಯಿಂದ ಅವು ಸಡಿಲ ಆಗ್ತವೆ.

ನಮ್ಮ ಬಾಣಂತನ ನೆನೆಸ್ಕೊಳ್ಳಿ. ಎಣ್ಣೆನೀರು, ಕಿವಿಗೆ ಹತ್ತಿ, ಹೊಟ್ಟೆಗೆ ಬಟ್ಟೆ ಕಟ್ಟೋದು, ಮೆಣಸಿನ ಸಾರು. ಅಷ್ಟೆಲ್ಲ ಮಾಡಿದವರಲ್ಲಿ ಒಬ್ಬರೂ ಅಮ್ಮನಿಗೆ ಈ ಸ್ನಾಯುವಿನ ಮಾತು ಎತ್ತಲಿಲ್ಲ. ಮಾತೆತ್ತೋಕೆ ಮನೆಯಲ್ಲಿ ಆಡುವ ಹೆಸರಾದ್ರೂ ಬೇಕಲ್ಲ! ಪುಸ್ತಕದಲ್ಲಿ 'ಶ್ರೋಣಿ ತಳ' ಅಂತಿದೆ. ನಮ್ಮಮ್ಮ ಅದ್ಯಾವ ಊರು ಅಂತಾರೆ.

ವ್ಯಾಯಾಮ ಹೊಸದಲ್ಲ. ಅಮೆರಿಕದ ಸ್ತ್ರೀರೋಗ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲೇ ಇದರ ಬಗ್ಗೆ ಬರೆದಿದ್ದರು. ನಾನು ಒಂದು ವಿಡಿಯೋ ತೋರಿಸಿದೆ. ಅಮ್ಮ ನಾಲ್ಕು ದಿನ ಮಾಡಿ ಬಿಟ್ಟರು. ಸೋಮಾರಿತನ ಅಂದ್ಕೊಂಡೆ, ಬೈದೆ ಕೂಡ. ಆಮೇಲೆ ಫಿಸಿಯೋಥೆರಪಿಸ್ಟ್ ಹತ್ರ ಹೋದಾಗ ಗೊತ್ತಾಯ್ತು, ಅಮ್ಮ ಉಸಿರು ಕಟ್ಟಿ ಕೆಳಕ್ಕೆ ತಿಣುಕುತ್ತಿದ್ದರು. ಪೂರ್ತಿ ಉಲ್ಟಾ! ಪ್ರಯೋಜನ ಕಾಣದಿದ್ದರೆ ಯಾರು ತಾನೇ ಮಾಡ್ತಾರೆ?

ಸರಿಯಾದ ಕ್ರಮ ಹೀಗೆ. ನಾಲ್ಕು ಜನರ ಮಧ್ಯೆ ಕೂತಾಗ ಗಾಳಿ ಹೋಗದಂತೆ ತಡೀತೀವಲ್ಲ, ಹಾಗೆ ಹಿಂದೆ ಬಿಗಿ ಮಾಡಿ. ಮೂತ್ರ ತಡೆಯೋ ಹಾಗೆ ಮುಂದೂ ಬಿಗಿ ಮಾಡಿ, ಒಳಗೆ ಮೇಲಕ್ಕೆ ಎಳ್ಕೊಳ್ಳಿ. 5 ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಒಂದು ಸಲಕ್ಕೆ 8ರಿಂದ 10, ದಿನಕ್ಕೆ 3 ಸಲ. ಉಸಿರಾಟ ಸಲೀಸಾಗಿರಲಿ, ತೊಡೆ, ಕುಂಡಿ ಬಿಗಿಯಬೇಡಿ. ಮೂತ್ರ ಮಾಡ್ತಾ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡೋದು ಬೇಡ. ಕನಿಷ್ಠ 3 ತಿಂಗಳು ಬಿಡದೆ ಮಾಡ್ಬೇಕು. ಆರ್‌ಡಿ ಕಟ್ಟಿದ ಹಾಗೆ, ಬಿಕಾಂ ಓದಿದವಳಿಗೆ ಹೊಳೆಯೋ ಹೋಲಿಕೆ ಇದೇ. ನೋವಿದ್ರೆ, ಮೂತ್ರದಲ್ಲಿ ರಕ್ತ ಕಂಡ್ರೆ, ಕೆಳಗೆ ಏನೋ ಜಾರಿ ಬಂದ ಹಾಗೆ ಅನ್ನಿಸಿದ್ರೆ ಮೊದಲು ಡಾಕ್ಟರನ್ನ ನೋಡಿ.

ಅಮ್ಮನೇ ಹೊತ್ತು ಗೊತ್ತು ಮಾಡ್ಕೊಂಡ್ರು. ಬೆಳಗ್ಗೆ ಹಾಲು ಕಾಯೋವಾಗ, ಸಂಜೆ ಧಾರಾವಾಹಿ ಮಧ್ಯೆ ಜಾಹೀರಾತು ಬಂದಾಗ, ರಾತ್ರಿ ಮಲಗೋ ಮುಂಚೆ. ಪಕ್ಕದಲ್ಲಿ ಕೂತ ಅಪ್ಪನಿಗೂ ಗೊತ್ತಾಗಲ್ಲ. ಪೂರ್ತಿ ನಿಂತಿಲ್ಲ, ನೆಗಡಿ ಬಂದಾಗ ಈಗಲೂ ಕಷ್ಟ. ಆದ್ರೆ ಹೋದ ತಿಂಗಳು ಮತ್ತೆ ಹಾಸನಕ್ಕೆ ಹೋಗುವಾಗ ಬಸ್ಸು ಚನ್ನರಾಯಪಟ್ಟಣದಲ್ಲಿ ನಿಂತಿತು. ಅಮ್ಮ ಇಳಿದು ಎಳನೀರು ಕುಡಿದ್ರು. ಒಂದಲ್ಲ, ಎರಡು.